ನುಡಿಗಲಿಸಿದ ಗುರು: ಪಂಜೆ ಮಂಗೇಶರಾಯರು

ಕನ್ನಡ ನಾಡಿನ ಶಿಕ್ಷಣದ ಚರಿತ್ರೆಯನ್ನು ಅವಲೋಕಿಸುವವರಿಗೆ ಒಂದು ಸಂಗತಿ ವಿಶೇಷವಾಗಿ ಎದ್ದು ಕಾಣುತ್ತದೆ. ಕನ್ನಡದ ಸವಿಯನ್ನು ಮನೆಮನೆಗೆ ಮುಟ್ಟಿಸಿದ ಮಹನೀಯರಲ್ಲಿ ಅನೇಕರ ಮನೆಮಾತು ಕನ್ನಡವಾಗಿರಲಿಲ್ಲ. ವರಕವಿ ಬೇಂದ್ರೆಯವರ ಮನೆಯಲ್ಲಿ ಮರಾಠಿ, ಮಾಸ್ತಿಯವರ ಮನೆಯಲ್ಲಿ ತಮಿಳು, ಮಂಜೇಶ್ವರದ ಗೋವಿಂದ ಪೈಗಳ ಮನೆಯಲ್ಲಿ ಕೊಂಕಣಿ. ಇವರೆಲ್ಲರಿಗಿಂತ ಹಿರಿಯರಾಗಿ, ಕನ್ನಡದ ಮಕ್ಕಳಿಗೆ ಮೊದಲ ಹಾಡನ್ನೂ ಮೊದಲ ಕಥೆಯನ್ನೂ ಉಣಬಡಿಸಿದ ಪಂಜೆ ಮಂಗೇಶರಾಯರ ಮನೆಮಾತೂ ಕೊಂಕಣಿಯೇ. ಒಂದು ನುಡಿಯಲ್ಲಿ ಹುಟ್ಟಿ, ಮತ್ತೊಂದು ನುಡಿಯಲ್ಲಿ ಆಡಿ, ಇನ್ನೊಂದರಲ್ಲಿ ಓದಿ, ಬೆಳೆದ ಮೇಲೆ ಆ ಎಲ್ಲವನ್ನೂ ಒಂದೇ ಹೃದಯದಲ್ಲಿ ಇರಿಸಿಕೊಂಡ ಈ ಶಿಕ್ಷಕರ ಜೀವನವು ನಮ್ಮ ಸುಂಟಿಕೊಪ್ಪದಂತಹ ಊರಿನ ಶಾಲೆಗೆ ಬೇರೆಲ್ಲ ಶಾಲೆಗಳಿಗಿಂತ ಹೆಚ್ಚು ಹತ್ತಿರದ್ದು.

ಹತ್ತಿರದ್ದು ಎನ್ನಲು ಕಾರಣವಿದೆ. ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ ಕಾಫಿ ತೋಟಗಳ ಮಡಿಲಲ್ಲಿ ಕುಳಿತಿರುವ ಈ ಊರಿನ ಸಂತೆಯ ದಿನ ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ಕನ್ನಡಗಳೆಲ್ಲವೂ ಕಿವಿಗೆ ಬೀಳುತ್ತವೆ. ಈ ಮನೆಗಳ ಮಕ್ಕಳೆಲ್ಲ ಬೆಳಿಗ್ಗೆ ಒಂದೇ ಬಾಗಿಲಿನಿಂದ ಶಾಲೆಯೊಳಕ್ಕೆ ಬರುತ್ತಾರೆ. ಒಳಗೆ ಅವರಿಗಾಗಿ ಕಾದಿರುವುದು ಕನ್ನಡ, ಅದರ ಬೆನ್ನಿಗೇ ಇಂಗ್ಲಿಷು. ಎರಡು ಭಾಷೆಗಳಲ್ಲಿ ವಿದ್ಯೆ ನೀಡುವ ಶಾಲೆ ಯಾವಾಗ ಫಲಿಸುತ್ತದೆ, ಯಾವಾಗ ವಿಫಲವಾಗುತ್ತದೆ ಎಂಬ ಪ್ರಶ್ನೆ ಪಂಡಿತರ ಚರ್ಚೆಗಷ್ಟೇ ಮೀಸಲಾದುದಲ್ಲ. ತೋಟದ ಲೈನ್‌ಮನೆಯಿಂದ ಬಂದ ಹುಡುಗಿಯೊಬ್ಬಳು ತರಗತಿಯಲ್ಲಿ ಬಾಯಿ ತೆರೆಯುವಳೋ, ವರ್ಷವಿಡೀ ಮೌನವಾಗಿ ಕುಳಿತು ಕೊನೆಗೆ ಶಾಲೆಯನ್ನೇ ಬಿಡುವಳೋ ಎಂಬುದು ಆ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಪಂಜೆಯವರು ಈ ವಿಷಯವನ್ನು ಕುರಿತು ಶಾಸ್ತ್ರಗ್ರಂಥವನ್ನು ರಚಿಸಿ ಪ್ರಸಿದ್ಧರಾದವರಲ್ಲ. ಆದರೆ ಅವರು ಬಾಳಿದ ರೀತಿಯಲ್ಲಿ, ಬರೆದ ಹಾಡುಗಳಲ್ಲಿ, ಮಕ್ಕಳಿಗಾಗಿ ಹೆಣೆದ ಪಾಠಗಳಲ್ಲಿ ಉತ್ತರವಿದೆ.

ಮಂಗೇಶರಾಯರು ಜನಿಸಿದ್ದು 1874ರ ಫೆಬ್ರವರಿ 22ರಂದು, ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಪೂರ್ವಿಕರ ಊರು ಸುಬ್ರಹ್ಮಣ್ಯದ ಸಮೀಪದ ಪಂಜ. ಆ ಹೆಸರೇ ಮನೆತನದ ಹೆಸರಾಗಿ ಉಳಿಯಿತು. ನೇತ್ರಾವತಿಯ ದಂಡೆಯ ಬಂಟ್ವಾಳ ಅಂದು ಕೂಡ ವ್ಯಾಪಾರದ ಊರು. ಮನೆಯೊಳಗೆ ಕೊಂಕಣಿ, ಅಂಗಳದಾಚೆ ತುಳು, ಶಾಲೆಯಲ್ಲಿಯೂ ಯಕ್ಷಗಾನದ ರಂಗಸ್ಥಳದಲ್ಲಿಯೂ ಕನ್ನಡ, ಕಛೇರಿಯಲ್ಲಿ ಇಂಗ್ಲಿಷು. ಬಾಲಕ ಮಂಗೇಶನಿಗೆ ಇವು ನಾಲ್ಕು ಹೊರೆಗಳಾಗಿ ಕಾಣಲಿಲ್ಲ. ಒಂದೊಂದು ನುಡಿಗೂ ಒಂದೊಂದು ಜಾಗವಿತ್ತು, ಒಂದೊಂದು ಹೊತ್ತಿತ್ತು, ಆ ನುಡಿಯನ್ನು ತುಂಬುಬಾಯಿಯಲ್ಲಿ ಆಡುವ ಜನರಿದ್ದರು. ಬಹುಭಾಷೆಗಳ ನಡುವೆ ಮಗು ಗೊಂದಲವಿಲ್ಲದೆ ಬೆಳೆಯಲು ಬೇಕಾದ ಮೊದಲ ಸೌಕರ್ಯ ಇದೇ ಎಂಬುದನ್ನು ಗಮನಿಸಬೇಕು.

ಎಳೆಯ ವಯಸ್ಸಿನಲ್ಲಿಯೇ ತಂದೆ ತೀರಿಕೊಂಡದ್ದರಿಂದ ಸಂಸಾರದ ಭಾರ ಹೆಗಲಿಗೆ ಬಿತ್ತು. ಬಡತನದೊಡನೆ ಸೆಣಸುತ್ತಲೇ ಮಂಗಳೂರಿನಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿ, ಅಲ್ಲಿಯ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಬಿ.ಎ. ಪದವಿಯನ್ನೂ ಅಧ್ಯಾಪನಕ್ಕೆ ಬೇಕಾದ ಎಲ್.ಟಿ. ಪದವಿಯನ್ನೂ ಪಡೆದರು. ಅಂದು ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಇಂಗ್ಲಿಷಿಗೆ ಸಂಬಳವೂ ಗೌರವವೂ ಹೆಚ್ಚು. ದೇಶಭಾಷೆಯ ಪಂಡಿತನಿಗೆ ಎರಡೂ ಕಡಿಮೆ. ಇಂಗ್ಲಿಷನ್ನು ಚೆನ್ನಾಗಿ ಬಲ್ಲ ತರುಣನು ಅದನ್ನೇ ಏಣಿಯಾಗಿ ಮಾಡಿಕೊಂಡು ಮೇಲೇರಬಹುದಾಗಿದ್ದ ಕಾಲದಲ್ಲಿ, ಆ ಇಂಗ್ಲಿಷಿನ ಬಲವನ್ನು ಕನ್ನಡದ ಕೆಲಸಕ್ಕೆ ತೊಡಗಿಸಿದ್ದು ರಾಯರ ಹಿರಿಮೆ. ಅವರ ಕೈಯಲ್ಲಿ ಓದಿದ ಹುಡುಗರಲ್ಲಿ ಗೋವಿಂದ ಪೈಗಳೂ ಒಬ್ಬರು. ಕೊಂಕಣಿ ಮನೆಮಾತಿನ ಗುರು, ಕೊಂಕಣಿ ಮನೆಮಾತಿನ ಶಿಷ್ಯ. ಇಬ್ಬರ ನಡುವೆ ಕನ್ನಡ. ಆ ಶಿಷ್ಯನೇ ಮುಂದೆ 1949ರಲ್ಲಿ ರಾಷ್ಟ್ರಕವಿ ಎಂಬ ಮನ್ನಣೆಗೆ ಪಾತ್ರನಾದನು.

ಬೆನಗಲ್ ರಾಮರಾಯರು ಮಂಗಳೂರಿನಲ್ಲಿ 'ಸುವಾಸಿನಿ' ಪತ್ರಿಕೆಯನ್ನು ನಡೆಸುತ್ತಿದ್ದಾಗ ಪಂಜೆಯವರು ಅದರಲ್ಲಿ ಕಥೆಗಳನ್ನು ಬರೆದರು. ಹೊಸಗನ್ನಡದ ಸಣ್ಣಕಥೆಗೆ ದಾರಿ ತೋರಿದವರಲ್ಲಿ ಅವರೂ ಒಬ್ಬರೆಂದು ವಿಮರ್ಶಕರು ಒಪ್ಪುತ್ತಾರೆ. ಕವಿಶಿಷ್ಯ, ಹರಟೆಮಲ್ಲ, ರಾ.ಮ.ಪಂ. ಎಂಬ ಹೆಸರುಗಳ ಮರೆಯಲ್ಲಿ ನಿಂತು ಬರೆದರು. ತಮ್ಮನ್ನು ಕವಿಯೆಂದು ಕರೆದುಕೊಳ್ಳದೆ ಕವಿಯ ಶಿಷ್ಯನೆಂದು ಕರೆದುಕೊಂಡ ವಿನಯ ಅವರದು.

ಕಾಲೇಜಿನ ಕೆಲಸವನ್ನು ಬಿಟ್ಟು ಶಾಲೆಗಳ ಇನ್ಸ್‌ಪೆಕ್ಟರರಾಗಿ ಹಳ್ಳಿಹಳ್ಳಿಗಳನ್ನು ಸುತ್ತಿದ ಮೇಲೆ ರಾಯರ ಬಾಳು ಹೊಸ ತಿರುವನ್ನು ಪಡೆಯಿತು. ಇನ್ಸ್‌ಪೆಕ್ಟರರೆಂದರೆ ಮಕ್ಕಳೂ ಮೇಷ್ಟ್ರುಗಳೂ ನಡುಗುತ್ತಿದ್ದ ಕಾಲವದು. ಪಂಜೆಯವರು ಮಾತ್ರ ಹಾಡು ಹೇಳುವ, ಕಥೆ ಹೇಳುವ, ಮಕ್ಕಳನ್ನು ನಗಿಸುವ ಇನ್ಸ್‌ಪೆಕ್ಟರರೆಂದು ಹೆಸರಾದರು. ಆ ಜಿಲ್ಲೆಯ ಶಾಲೆಗಳಲ್ಲಿ ಕುಳಿತಿದ್ದ ಮಕ್ಕಳಲ್ಲಿ ಬಹುಮಂದಿಯ ಮನೆಮಾತು ತುಳು, ಕೆಲವರದು ಕೊಂಕಣಿ, ಇನ್ನು ಕೆಲವರದು ಬ್ಯಾರಿ ಅಥವಾ ಮಲಯಾಳ. ಅವರ ಕೈಗೆ ಕೊಡುತ್ತಿದ್ದ ಪುಸ್ತಕದ ಕನ್ನಡವಾದರೋ ಹಳೆಯ ಕಾವ್ಯಗಳ ಬಿಗಿಯಾದ ಕನ್ನಡ. ಅರ್ಥವಾಗದ ಪದ್ಯವನ್ನು ಉರುಹೊಡೆಯುವುದೇ ವಿದ್ಯೆಯೆಂದು ಮಗು ನಂಬಿತ್ತು.

ಈ ರೋಗಕ್ಕೆ ಪಂಜೆಯವರು ಕಂಡುಕೊಂಡ ಮದ್ದು ಮೂರು ಬಗೆಯದು. ಮೊದಲನೆಯದು, ಹೊಸ ಭಾಷೆಯನ್ನು ಕಣ್ಣಿಗಿಂತ ಮೊದಲು ಕಿವಿಗೆ ಒಪ್ಪಿಸುವುದು. 'ನಾಗರ ಹಾವೆ', 'ಉದಯರಾಗ', 'ತೆಂಕಣ ಗಾಳಿಯಾಟ' ಮುಂತಾದ ಅವರ ಹಾಡುಗಳನ್ನು ಗಮನಿಸಿರಿ. ಸಣ್ಣ ಸಣ್ಣ ಮಾತುಗಳು. ಮರಳಿ ಮರಳಿ ಬರುವ ಪ್ರಾಸ. ಕೈತಟ್ಟಿ ಕುಣಿಯಲು ಒಗ್ಗುವ ಲಯ. ಕನ್ನಡ ಬಾರದ ಮಗುವೂ ಎರಡು ಸಲ ಕೇಳಿದರೆ ಮೂರನೆಯ ಸಲ ದನಿಗೂಡಿಸಬಲ್ಲದು. ಅರ್ಥವು ಅಭಿನಯದಿಂದಲೂ ರಾಗದಿಂದಲೂ ತಾನಾಗಿ ಒಳಗಿಳಿಯುತ್ತದೆ. ಕೇಶಿರಾಜನ 'ಶಬ್ದಮಣಿದರ್ಪಣ'ದಂತಹ ಗಹನವಾದ ವ್ಯಾಕರಣ ಗ್ರಂಥದ ಸಂಪಾದನ ಕಾರ್ಯದಲ್ಲಿ ತೊಡಗಿದ್ದ ವಿದ್ವಾಂಸರೇ ಇವನ್ನೂ ಬರೆದರೆಂಬುದು ನೆನಪಿನಲ್ಲಿಡತಕ್ಕ ವಿಷಯ. ವ್ಯಾಕರಣವನ್ನು ಆಳವಾಗಿ ಬಲ್ಲವರಾದ್ದರಿಂದಲೇ ಅದನ್ನು ಎಳೆಯ ಮಕ್ಕಳ ಮೇಲೆ ಹೇರಬಾರದೆಂಬುದನ್ನೂ ಅವರು ಬಲ್ಲವರಾಗಿದ್ದರು.

ಎರಡನೆಯದು, ಮಗುವಿನ ಮನೆಯ ಲೋಕವನ್ನು ಶಾಲೆಯ ಭಾಷೆಯೊಳಕ್ಕೆ ಬರಮಾಡಿಕೊಳ್ಳುವುದು. ತುಳುನಾಡಿನ ಗದ್ದೆಗಳಲ್ಲಿ ಹೆಂಗಸರು ಹಾಡುತ್ತಿದ್ದ, ಗರಡಿಗಳಲ್ಲಿ ಇಂದಿಗೂ ಪೂಜೆಗೊಳ್ಳುವ ಅವಳಿ ವೀರರ ಕಥೆಯನ್ನು ತುಳು ಪಾಡ್ದನಗಳಿಂದ ಎತ್ತಿಕೊಂಡು ಅವರು ಕನ್ನಡದಲ್ಲಿ 'ಕೋಟಿ ಚೆನ್ನಯ'ವನ್ನು ಬರೆದರು. ತುಳು ಮನೆಯ ಹುಡುಗನೊಬ್ಬನು ಅಜ್ಜಿಯ ಬಾಯಲ್ಲಿ ಕೇಳಿದ್ದ ಕಥೆಯನ್ನೇ ಶಾಲೆಯ ಕನ್ನಡ ಪುಸ್ತಕದಲ್ಲಿ ಕಂಡಾಗ ಅವನಿಗಾಗುವ ಹಿಗ್ಗನ್ನು ಊಹಿಸಿಕೊಳ್ಳಬಹುದು. ಕಥೆ ಮೊದಲೇ ಗೊತ್ತಿರುವುದರಿಂದ ಕನ್ನಡದ ಮಾತುಗಳ ಅರ್ಥವನ್ನು ಅವನು ತಾನೇ ಹೊಂದಿಸಿಕೊಳ್ಳುತ್ತಾನೆ. ತನ್ನ ಮನೆಯ ಮಾತಿನಲ್ಲಿಯೂ ಪುಸ್ತಕಕ್ಕೆ ಏರಬಲ್ಲ ಸಂಪತ್ತಿದೆಯೆಂಬ ಅಭಿಮಾನವನ್ನೂ ತಾಳುತ್ತಾನೆ. ಇಂಗ್ಲಿಷಿನಿಂದ ಬಂದ 'ಮೂರು ಕರಡಿಗಳು' ಕಥೆಯನ್ನೂ ಅವರು ಹೀಗೆಯೇ ಕನ್ನಡದ ಕಾಡಿನಲ್ಲಿ ನೆಲೆಗೊಳಿಸಿದರು. 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕಥೆಯಲ್ಲಿ ಕರಾವಳಿಯ ಮನೆಯಂಗಳವೇ ಇದೆ. ಪ್ರಶ್ನೆಗೆ ಪ್ರಶ್ನೆ ಜೋಡಿಸಿಕೊಂಡು ಸಾಗುವ ಆ ಕಥೆಯನ್ನು ಹೇಳುತ್ತ ಹೇಳುತ್ತ ಮಗು ಕನ್ನಡದ ವಾಕ್ಯರಚನೆಯನ್ನು ತಿಳಿಯದಂತೆಯೇ ಕಲಿತುಬಿಡುತ್ತದೆ.

ಮೂರನೆಯದು, ಪಠ್ಯವೂ ಅಧ್ಯಾಪಕನೂ ಸಿದ್ಧವಾಗಿರುವುದು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಪದ್ಯಪುಸ್ತಕಗಳನ್ನು ಅವರು ತರಗತಿಗೆ ತಕ್ಕಂತೆ ಸುಲಭದಿಂದ ಕಠಿನಕ್ಕೆ ಏರುವ ಮೆಟ್ಟಿಲುಗಳಾಗಿ ಸಂಪಾದಿಸಿದರು. ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಇತರರಿಂದಲೂ ಮಕ್ಕಳ ಪುಸ್ತಕಗಳನ್ನು ಬರೆಯಿಸಿದರು. ಅಧ್ಯಾಪಕರ ತರಬೇತಿ ಶಾಲೆಯಲ್ಲಿಯೂ ದುಡಿದು, ಹಾಡಲು, ಕಥೆ ಹೇಳಲು, ಆಡಿಸಲು ಬಲ್ಲ ಮೇಷ್ಟ್ರುಗಳನ್ನು ತಯಾರುಮಾಡಿದರು. ಎಷ್ಟು ಒಳ್ಳೆಯ ಪದ್ಧತಿಯೇ ಆಗಲಿ, ಅದನ್ನು ನಡೆಸುವ ಗುರುವಿಗೆ ಭಾಷೆಯ ಮೇಲೆ ಹಿಡಿತವಿಲ್ಲದಿದ್ದರೆ ಕಾಗದದ ಮೇಲೆಯೇ ಉಳಿಯುತ್ತದೆ ಎಂಬುದನ್ನು ಅವರು ಇನ್ಸ್‌ಪೆಕ್ಟರರಾಗಿ ಕಣ್ಣಾರೆ ಕಂಡಿದ್ದರು.

1920ರ ದಶಕದಲ್ಲಿ ಪಂಜೆಯವರು ಘಟ್ಟವನ್ನೇರಿ ನಮ್ಮ ಕೊಡಗಿಗೆ ಬಂದರು. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರ ಹೊಣೆ ಅವರದಾಯಿತು. ಕೊಡಗು ಅಂದು ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ. ಹಾಲೇರಿ ಅರಸರ ಕಾಲದಲ್ಲಿ ಕನ್ನಡವೇ ರಾಜ್ಯದ ಬರವಣಿಗೆಯ ಭಾಷೆಯಾಗಿದ್ದಿತು; ದೊಡ್ಡ ವೀರರಾಜೇಂದ್ರನ ಕಾಲದ 'ರಾಜೇಂದ್ರನಾಮೆ'ಯೇ ಇದಕ್ಕೆ ಸಾಕ್ಷಿ. 1834ರಲ್ಲಿ ಅರಸೊತ್ತಿಗೆ ಅಳಿದ ಮೇಲೆ ಶಾಲೆಗಳಲ್ಲಿ ಕನ್ನಡದ ಪಕ್ಕದಲ್ಲಿ ಇಂಗ್ಲಿಷು ಬಂದು ಕುಳಿತಿತು. ಆದರೆ ಐನ್‌ಮನೆಯ ಒಲೆಯ ಬಳಿ ಮಾತು ಕೊಡವ ತಕ್ಕ್, ಗೌಡರ ಮನೆಗಳಲ್ಲಿ ಅರೆಭಾಷೆ. ಹೀಗೆ ತುಳುನಾಡಿನಲ್ಲಿ ಕಂಡಿದ್ದ ಸಮಸ್ಯೆಯನ್ನೇ ಪಂಜೆಯವರು ಇಲ್ಲಿ ಇನ್ನೊಂದು ರೂಪದಲ್ಲಿ ಕಂಡರು.

ಅದೇ ದಶಕದಲ್ಲಿ ಕೊಡಗಿನ ಮಕ್ಕಳ ಭಾಗ್ಯವೋ ಎಂಬಂತೆ ಇಲ್ಲಿಯ ಮಹನೀಯರೂ ತಮ್ಮ ನುಡಿಯ ಸೇವೆಯಲ್ಲಿ ತೊಡಗಿದ್ದರು. ಹರದಾಸ ಅಪ್ಪಚ್ಚ ಕವಿಗಳು ಕೊಡವ ತಕ್ಕಿನಲ್ಲಿ ನಾಟಕಗಳನ್ನು ರಚಿಸಿ, ಆ ಭಾಷೆಗೆ ಗ್ರಂಥಸ್ಥ ಸಾಹಿತ್ಯದ ಬುನಾದಿ ಹಾಕಿದ್ದರು. ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಕಲೆಹಾಕಿದ ಜನಪದ ಹಾಡುಗಳ 'ಪಟ್ಟೋಲೆ ಪಳಮೆ' 1924ರಲ್ಲಿ ಪ್ರಕಟವಾಯಿತು. ಈ ಎರಡೂ ಸಾಹಸಗಳು ನಡೆದದ್ದು ಕನ್ನಡ ಲಿಪಿಯಲ್ಲಿ. ಶಾಲೆಯಲ್ಲಿ ಕಲಿತ ಅಕ್ಷರ ಮನೆಯ ಮಾತನ್ನು ಕಾಪಾಡಲು ನೆರವಾಯಿತು. ಎರಡು ಭಾಷೆಗಳು ಒಂದನ್ನೊಂದು ನುಂಗದೆ ಒಂದಕ್ಕೊಂದು ಆಸರೆಯಾಗಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಪಂಜೆಯವರು ಕೊಡಗಿಗೆ ಕೊಟ್ಟ ಕಾಣಿಕೆ 'ಹುತ್ತರಿ ಹಾಡು'. ಹೊಸ ಅಕ್ಕಿಯ ಹಬ್ಬವಾದ ಪುತ್ತರಿಯ ಸಂಭ್ರಮವನ್ನು, ಕಾವೇರಿಯು ಹುಟ್ಟುವ ಈ ಮಲೆನಾಡಿನ ಚೆಲುವನ್ನು, ಇಲ್ಲಿಯ ಜನರ ಶೌರ್ಯವನ್ನು ಆ ಹಾಡು ಎತ್ತಿ ಹೇಳುತ್ತದೆ. ಕೊಂಕಣಿ ಮನೆಯಲ್ಲಿ ಹುಟ್ಟಿ, ತುಳುನಾಡಿನಲ್ಲಿ ಬೆಳೆದ ಕವಿಯೊಬ್ಬರು ಕೊಡವರ ಹಬ್ಬವನ್ನು ಕನ್ನಡದಲ್ಲಿ ಹಾಡಿದರು. ಕೊಡಗಿನವರು ಆ ಹಾಡನ್ನು ತಮ್ಮದೆಂದೇ ಸ್ವೀಕರಿಸಿ ನಾಡಗೀತೆಯ ಗೌರವ ಕೊಟ್ಟು ಹಾಡುತ್ತ ಬಂದರು. ಮಗುವಿನ ಊರು, ಹಬ್ಬ, ಹೊಳೆ, ಹಿರಿಯರು ಯಾವ ಭಾಷೆಯಲ್ಲಿ ಗೌರವದಿಂದ ಹೇಳಲ್ಪಡುತ್ತಾರೋ ಆ ಭಾಷೆ ಮಗುವಿಗೆ ಪರಕೀಯವಾಗಿ ಉಳಿಯುವುದಿಲ್ಲ.

ಪುತ್ತರಿ, ಹುತ್ತರಿ ಎಂಬ ಈ ಎರಡು ಮಾತುಗಳನ್ನೇ ಮುಂದಿಟ್ಟುಕೊಂಡು ಒಬ್ಬ ಜಾಣ ಅಧ್ಯಾಪಕನು ಎಂತಹ ಪಾಠ ಮಾಡಬಹುದೆಂದು ನೋಡಿರಿ. ಕೊಡವ ತಕ್ಕಿನಲ್ಲಿ ಪುತ್ತರಿ, ಕನ್ನಡದಲ್ಲಿ ಹುತ್ತರಿ. ಅಲ್ಲಿ ಪಾಲ್, ಇಲ್ಲಿ ಹಾಲು. ಹಳಗನ್ನಡದಲ್ಲಿಯೂ ಅದು ಪಾಲ್ ಎಂದೇ ಇದ್ದಿತು. ಹೊಸಗನ್ನಡಕ್ಕೆ ಬರುವಾಗ ಮೊದಲಿನ ಪಕಾರ ಹಕಾರವಾಯಿತು. ಹಾಗಾದರೆ ಕೊಡವ ಮನೆಯಿಂದ ಬಂದ ಮಗು ಹಳಗನ್ನಡದ ಬೀಗದ ಕೈಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಂಡು ಬಂದಿದೆ. ತಮಿಳು, ಮಲಯಾಳ ಮನೆಗಳ ಮಕ್ಕಳ ಬಾಯಲ್ಲಿಯೂ ಅದೇ ಪಾಲ್ ಇದೆ. ಆ ಮಗುವಿನ ಮಾತನ್ನು ತಪ್ಪೆಂದು ಗದರಿಸುವ ಗುರು ಬೀಗದ ಕೈಯನ್ನು ಬಾವಿಗೆ ಎಸೆಯುತ್ತಾನೆ. ಅದನ್ನು ಎಲ್ಲರ ಮುಂದೆ ಹೇಳಿಸಿ ಕಪ್ಪುಹಲಗೆಯ ಮೇಲೆ ಬರೆಯುವ ಗುರು ಇಡೀ ತರಗತಿಗೆ ಬಾಗಿಲು ತೆರೆಯುತ್ತಾನೆ.

ನಿವೃತ್ತರಾದ ಬಳಿಕವೂ ರಾಯರು ಸುಮ್ಮನೆ ಕುಳಿತವರಲ್ಲ. 1934ರಲ್ಲಿ ರಾಯಚೂರಿನಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿ ಅವರನ್ನು ಅರಸಿಕೊಂಡು ಬಂದಿತು. ರಾಯಚೂರು ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಅಲ್ಲಿ ರಾಜ್ಯದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲಿಯೇ. ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕೊಡಬಹುದೆಂದು ತೋರಿಸಿಕೊಟ್ಟ ಆ ಸಾಧನೆ ನಿಜಕ್ಕೂ ದೊಡ್ಡದು. ಆದರೆ ಬೀದರ, ಕಲಬುರಗಿ, ರಾಯಚೂರುಗಳ ಕನ್ನಡ ಮಗುವಿಗೆ ಮನೆಯ ಮಾತು ಶಾಲೆಯಲ್ಲಿ ಹಿಂದೆ ಸರಿದಿತ್ತು. ಒಂದೇ ವ್ಯವಸ್ಥೆ ಒಬ್ಬ ಮಗುವಿಗೆ ರೆಕ್ಕೆಯಾಗಿ, ಮತ್ತೊಬ್ಬ ಮಗುವಿಗೆ ಗೋಡೆಯಾಗಿ ಪರಿಣಮಿಸಬಹುದು. ಅಂತಹ ನೆಲದಲ್ಲಿ, ಮಕ್ಕಳಿಗೆ ಕನ್ನಡವನ್ನು ಸವಿಯಾಗಿ ಕಲಿಸಿದ ಶಿಕ್ಷಕರೊಬ್ಬರು ಸಮ್ಮೇಳನಾಧ್ಯಕ್ಷರಾಗಿ ನಿಂತದ್ದು ಔಚಿತ್ಯಪೂರ್ಣವೇ ಆಗಿದ್ದಿತು. ಅನಂತರ ಮೂರು ವರ್ಷಗಳಲ್ಲಿ, 1937ರಲ್ಲಿ, ಪಂಜೆಯವರು ಕೀರ್ತಿಶೇಷರಾದರು.

ಅವರು ಗತಿಸಿದ ಬಳಿಕ ಲೋಕದ ಬೇರೆ ಕಡೆಗಳಲ್ಲಿ ನಡೆದ ಪ್ರಯೋಗಗಳು ಅವರ ಅನುಭವವನ್ನೇ ಬೇರೆ ಹಾದಿಯಿಂದ ಸಮರ್ಥಿಸಿವೆ. 1963ರಲ್ಲಿ ಅಮೆರಿಕದ ಮಯಾಮಿಯ ಕೋರಲ್ ವೇ ಎಂಬ ಶಾಲೆಯಲ್ಲಿ ಸ್ಪ್ಯಾನಿಷ್ ಮನೆಮಾತಿನ ಮಕ್ಕಳೂ ಇಂಗ್ಲಿಷ್ ಮನೆಮಾತಿನ ಮಕ್ಕಳೂ ಎರಡು ಭಾಷೆಗಳಲ್ಲಿ ಪಾಠ ಕಲಿಯುವ ಏರ್ಪಾಡಾಯಿತು. 1965ರಲ್ಲಿ ಕೆನಡಾದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಗಳ ಪೋಷಕರೇ ಮುಂದೆ ಬಂದು ತಮ್ಮ ಮಕ್ಕಳಿಗೆ ಫ್ರೆಂಚ್ ಭಾಷೆಯಲ್ಲಿ ಪಾಠ ಹೇಳಿಸಿದರು. ಆ ಮಕ್ಕಳು ಫ್ರೆಂಚನ್ನು ಕಲಿತರು, ಇಂಗ್ಲಿಷಿನಲ್ಲಿಯೂ ಹಿಂದೆ ಬೀಳಲಿಲ್ಲ. ಆದರೆ ಅಲ್ಲಿಯ ಮಕ್ಕಳ ಮನೆಮಾತಿಗೆ ಊರಿನಲ್ಲಿಯೂ ಸಮಾಜದಲ್ಲಿಯೂ ಭದ್ರವಾದ ಗೌರವವಿದ್ದಿತು. ಶಾಲೆ ಅದನ್ನು ಕಸಿದುಕೊಳ್ಳುವ ಭಯವಿರಲಿಲ್ಲ. ನಮ್ಮಲ್ಲಿ ಇಂಗ್ಲಿಷ್ ಶಾಲೆಯನ್ನು ತೆರೆದು ಆ ಪ್ರಯೋಗವನ್ನು ಉದಾಹರಿಸುವವರು ಈ ಭೇದವನ್ನು ಮರೆಯುತ್ತಾರೆ.

ವಿದ್ವಾಂಸರು ಮತ್ತೊಂದು ಸಂಗತಿಯನ್ನೂ ಕಂಡುಕೊಂಡಿದ್ದಾರೆ. ಹೊಸ ಭಾಷೆಯಲ್ಲಿ ಆಟದ ಮಾತು, ಅಂಗಡಿಯ ಮಾತು ಸುಮಾರು ಎರಡು ವರ್ಷಗಳಲ್ಲಿ ಬಾಯಿಗೆ ಬರುತ್ತದೆ. ಆದರೆ ವಿಜ್ಞಾನ, ಗಣಿತ, ಚರಿತ್ರೆಗಳನ್ನು ಓದಿ ವಿಚಾರಮಾಡಿ ಬರೆಯುವ ಶಕ್ತಿ ಬರಲು ಐದರಿಂದ ಏಳು ವರ್ಷಗಳಾದರೂ ಬೇಕು. ಮಗು ಎರಡು ಇಂಗ್ಲಿಷ್ ವಾಕ್ಯಗಳನ್ನು ಅರಳು ಹುರಿದಂತೆ ಹೇಳಿದಾಕ್ಷಣ ಭಾಷೆ ಬಂದಿತೆಂದು ಹಿಗ್ಗುವ ಪೋಷಕರು ಇದನ್ನು ತಿಳಿಯಬೇಕು. ಮೊದಲ ಭಾಷೆಯಲ್ಲಿ ಓದಿನ ಬೇರು ಆಳಕ್ಕೆ ಇಳಿದಷ್ಟೂ ಎರಡನೆಯ ಭಾಷೆಯ ಕೊಂಬೆ ಬೇಗ ಹಬ್ಬುತ್ತದೆ. ಪ್ರತಿವರ್ಷ ಮಾಧ್ಯಮವನ್ನು ಬದಲಿಸುವ, ಪಾಠದ ನಡುವೆ ಅರ್ಧ ವಾಕ್ಯ ಒಂದು ಭಾಷೆಯಲ್ಲಿ ಇನ್ನರ್ಧ ಮತ್ತೊಂದರಲ್ಲಿ ಹೇಳುವ ಅಭ್ಯಾಸದಿಂದ ಮಗುವಿಗೆ ಎರಡು ಭಾಷೆಗಳು ದಕ್ಕದೆ, ಎರಡರ ಚೂರುಗಳು ಮಾತ್ರ ಉಳಿದಾವು.

2019-20ರಲ್ಲಿ ಕರ್ನಾಟಕ ಸರ್ಕಾರವು ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮದ ಜೊತೆಗೆ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. ಪೋಷಕರ ಬಯಕೆಯನ್ನು ಹೀಗಳೆಯುವಂತಿಲ್ಲ. ತೋಟದಲ್ಲಿ ದುಡಿಯುವ ತಾಯಿಯೂ ತನ್ನ ಮಗು ದೊಡ್ಡ ಲೋಕಕ್ಕೆ ಹೋಗಲೆಂದು ಆಶಿಸುವುದು ಸಹಜ. ಇನ್ನೊಂದೆಡೆ, ಯುನೆಸ್ಕೊ ಸಂಸ್ಥೆ 2009ರಲ್ಲಿ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿ ಕೊಡವ ಭಾಷೆಯನ್ನು ಸೇರಿಸಿದೆ. ಈ ಎರಡು ಸತ್ಯಗಳ ನಡುವೆ ನಮ್ಮ ಶಾಲೆಗಳು ದಾರಿ ಹುಡುಕಬೇಕಾಗಿದೆ. ಪಂಜೆಯವರ ಜೀವನ ಆ ದಾರಿಯನ್ನು ಸ್ಪಷ್ಟವಾಗಿ ತೋರುತ್ತದೆ. ಮನೆಮಾತಿಗೆ ತರಗತಿಯಲ್ಲಿ ಮರ್ಯಾದೆ ಇರಲಿ. ಕನ್ನಡ ಹಾಡಾಗಿ, ಕಥೆಯಾಗಿ, ಆಟವಾಗಿ ಮೊದಲು ಬರಲಿ. ಓದು ಬರಹ ಅದರ ಮೇಲೆ ನಿಲ್ಲಲಿ. ಇಂಗ್ಲಿಷನ್ನು ಅದನ್ನು ಬಲ್ಲವರೇ, ಅದಕ್ಕೆಂದು ಮೀಸಲಾದ ಹೊತ್ತಿನಲ್ಲಿ, ಅರ್ಥವಾಗುವಂತೆ ಕಲಿಸಲಿ. ವರ್ಷಗಳ ತಾಳ್ಮೆ ಗುರುವಿಗೂ ಪೋಷಕರಿಗೂ ಇರಲಿ.

ಪಂಜೆಯವರು ಹುಟ್ಟಿ 2024ಕ್ಕೆ 150 ವರ್ಷಗಳು ತುಂಬಿದವು. ಅವರ ಸ್ಮರಣೆಗೆ ಉತ್ಸವದ ಅಗತ್ಯವಿಲ್ಲ. ವಿದ್ಯಾರ್ಥಿಗಳೇ, ಈ ವರ್ಷ ಹುತ್ತರಿಯ ಹಬ್ಬ ಬಂದಾಗ ನಿಮ್ಮ ಮನೆಯ ಹಿರಿಯರಿಂದ ನಿಮ್ಮ ಮನೆಮಾತಿನ ಒಂದು ಹಾಡನ್ನೋ ಒಂದು ಕಥೆಯನ್ನೋ ಕೇಳಿ ಕಲಿಯಿರಿ. ಅದು ಕೊಡವ ತಕ್ಕಾಗಿರಲಿ, ಅರೆಭಾಷೆಯಾಗಿರಲಿ, ತುಳುವಾಗಿರಲಿ, ತಮಿಳಾಗಿರಲಿ. ಅದನ್ನು ಕನ್ನಡದಲ್ಲಿ ಬರೆದು ತಂದು ನಿಮ್ಮ ಗುರುಗಳ ಕೈಯಲ್ಲಿಡಿರಿ. ಮೇಲಿನ ತರಗತಿಯವರು ಅದನ್ನೇ ಇಂಗ್ಲಿಷಿನಲ್ಲಿಯೂ ಬರೆಯಲು ಯತ್ನಿಸಿರಿ. ಪಂಜೆಯವರು ಜೀವಮಾನವಿಡೀ ಮಾಡಿದ ಕೆಲಸ ಅದೇ.